ಸ್ಟೆಮ್ ಸೆಲ್ ಕಸಿಯ ನಂತರ ಪಿಸಿಆರ್ 0.02%: ಕಾಯಿಲೆ ವಾಪಸ್ ಬಂತಾ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್. ಮೂರು ಥರದ ಮಾತ್ರೆ ಬದಲಿಸಿದರೂ ಹತೋಟಿಗೆ ಬರಲಿಲ್ಲ. ಮೂರು ತಿಂಗಳ ಹಿಂದೆ ನನ್ನ ಸ್ಟೆಮ್ ಸೆಲ್ ಕೊಟ್ಟೆ. ಈಗ ಪಿಸಿಆರ್ 0.02% ಬಂದಿದೆ. ಕಾಯಿಲೆ ವಾಪಸ್ ಬಂತಾ? ಬರದ ಹಾಗೆ ಏನು ಮಾಡಬೇಕು? ಅಮೃತಬಳ್ಳಿ ಕಷಾಯ ಕೊಡಿ ಅಂತ ನೆಂಟರು ಹೇಳ್ತಿದ್ದಾರೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಒಂದು ರಿಪೋರ್ಟ್ ನೋಡಿ ಹಾಗೆ ಹೇಳಕ್ಕಾಗಲ್ಲ. ಪಿಸಿಆರ್ ಅಂದರೆ ರಕ್ತದಲ್ಲಿ ಸಿಎಂಎಲ್ ಕೋಶಗಳ ಗುರುತು ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆ. ಮೂರನೇ ತಿಂಗಳಲ್ಲಿ ಹಳೆಯ ಕೋಶಗಳು ಅಷ್ಟಿಷ್ಟು ಉಳಿದಿರುವುದು ಸಾಮಾನ್ಯ, ಎಷ್ಟೋ ಜನರಲ್ಲಿ ತಾನಾಗಿಯೇ ಹೋಗುತ್ತದೆ. ಆರು ತಿಂಗಳು ದಾಟಿದ ಮೇಲೂ ಇದ್ದರೆ, ಅಥವಾ ಪರೀಕ್ಷೆಯಿಂದ ಪರೀಕ್ಷೆಗೆ ಏರುತ್ತಾ ಹೋದರೆ ಯೋಚಿಸಬೇಕು. ಪರೀಕ್ಷೆಯನ್ನು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಲ್ಯಾಬ್ ಬದಲಾದರೆ ಏರಿದ್ದು ಕಾಯಿಲೆಯೋ ಲೆಕ್ಕದ ವ್ಯತ್ಯಾಸವೋ ಗೊತ್ತಾಗುವುದಿಲ್ಲ.

ಕಸಿಯಲ್ಲಿ ಕಾಯಿಲೆ ತಡೆಯುವುದು ಕೀಮೋ ಮಾತ್ರ ಅಲ್ಲ, ನಿಮ್ಮ ಬಿಳಿ ರಕ್ತಕಣಗಳೂ ಹೌದು. ತಮ್ಮನ ಮೈಯಲ್ಲಿ ಉಳಿದ ಕ್ಯಾನ್ಸರ್ ಕೋಶಗಳನ್ನು ಅವು ಹುಡುಕಿ ಕೊಲ್ಲುತ್ತವೆ. ತದ್ರೂಪಿ ಅವಳಿಗಳಿಂದ ಪಡೆದವರಲ್ಲಿ ಕಾಯಿಲೆ ಜಾಸ್ತಿ ಮರಳುತ್ತದೆ. ಅವಳಿಯ ಕಣಗಳಿಗೆ ಆ ಕೋಶಗಳು ಪರಕೀಯ ಅನ್ನಿಸುವುದಿಲ್ಲ, ಅದಕ್ಕೇ. ತೊಂದರೆ ಏನೆಂದರೆ ಅದೇ ಕಣಗಳು ತಮ್ಮನ ಚರ್ಮ, ಕರುಳು, ಲಿವರ್ ಮೇಲೂ ಬೀಳಬಹುದು. ಇದಕ್ಕೆ ಜಿವಿಎಚ್‌ಡಿ ಎನ್ನುತ್ತಾರೆ. ಅದನ್ನು ಹದ್ದುಬಸ್ತಿನಲ್ಲಿಡಲು, ನಿಮ್ಮ ಕಣಗಳ ಜೋರು ತಗ್ಗಿಸುವ ಸೈಕ್ಲೋಸ್ಪೋರಿನ್‌ನಂಥ ಮಾತ್ರೆ ಕೊಟ್ಟಿರುತ್ತಾರೆ.

ಹಾಗಾಗಿ ಪಿಸಿಆರ್ ಏರಿದರೆ ವೈದ್ಯರು ಮೊದಲು ಈ ಮಾತ್ರೆಯನ್ನೇ ನಿಧಾನಕ್ಕೆ ಇಳಿಸುತ್ತಾರೆ. ನೀವಾಗಿ ಒಂದು ಡೋಸೂ ಬಿಡಿಸಬೇಡಿ. ಡಾಸಾಟಿನಿಬ್, ಪೊನಾಟಿನಿಬ್‌ನಂಥ ಸಿಎಂಎಲ್ ಮಾತ್ರೆಯನ್ನು ಮತ್ತೆ ಶುರು ಮಾಡುವುದೂ ಉಂಟು. ಕಾಯಿಲೆ ಬ್ಲಾಸ್ಟ್ ಹಂತಕ್ಕೆ (ತೀವ್ರವಾಗಿ ಉಲ್ಬಣಿಸಿದ ಹಂತಕ್ಕೆ) ಹೋಗಿದ್ದವರಿಗೆ ಏರುವ ತನಕ ಕಾಯದೆ, ಮುಂಜಾಗ್ರತೆಗೆ ಅಂತಲೇ ಕೊಡುವುದುಂಟು. ಯಾವ ಮಾತ್ರೆ ಅನ್ನುವುದು ಮ್ಯುಟೇಶನ್ (ಕ್ಯಾನ್ಸರ್ ಕೋಶದ ಜೀನ್‌ನಲ್ಲಾದ ಬದಲಾವಣೆ) ರಿಪೋರ್ಟ್ ಮೇಲಿದೆ. ಟಿ315ಐ ಅನ್ನುವ ಬದಲಾವಣೆ ಇದ್ದರೆ ಇಮಾಟಿನಿಬ್, ಡಾಸಾಟಿನಿಬ್ ಎರಡೂ ನಾಟುವುದಿಲ್ಲ. ಕಸಿಗೆ ಮುಂಚಿನ ಆ ಹಳೇ ಕಾಗದ ಹುಡುಕಿಟ್ಟುಕೊಳ್ಳಿ.

ಇಷ್ಟಕ್ಕೂ ಬಗ್ಗದಿದ್ದರೆ ನಿಮ್ಮನ್ನೇ ಮತ್ತೆ ಕರೆಯುತ್ತಾರೆ. 1990ರಲ್ಲಿ ಜರ್ಮನಿಯ ಕೋಲ್ಬ್ ತಂಡ, ಕಸಿಯ ನಂತರ ಸಿಎಂಎಲ್ ಮರಳಿದ ಮೂವರಿಗೆ ದಾನಿಯ ಬಿಳಿ ರಕ್ತಕಣಗಳನ್ನೇ ಕೊಟ್ಟು ಕಾಯಿಲೆ ಇಳಿಸಿದ್ದನ್ನು ಪ್ರಕಟಿಸಿತು. ಅದೇ ಡಿಎಲ್ಐ, ಅಂದರೆ ದಾನಿಯ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಕೊಡುವುದು. ರಕ್ತದ ಕ್ಯಾನ್ಸರ್‌ಗಳಲ್ಲಿ ಇದಕ್ಕೆ ತುಂಬ ಚೆನ್ನಾಗಿ ಬಗ್ಗುವುದು ಸಿಎಂಎಲ್, ಅದೂ ಬೇಗ ಪತ್ತೆಯಾದರೆ. ನಿಮಗೆ ಅರಿವಳಿಕೆ ಬೇಡ. ಸೂಜಿ ಚುಚ್ಚಿಸಿಕೊಂಡು ಬಿಳಿ ರಕ್ತಕಣ ಬೇರ್ಪಡಿಸುವ ಯಂತ್ರದ ಪಕ್ಕ ಕೆಲವು ಗಂಟೆ ಮಲಗಿದ್ದರೆ ಸಾಕು. ತಮ್ಮನಿಗೆ ಮೊದಲು ಸ್ವಲ್ಪ ಕೊಟ್ಟು, ವಾರಗಟ್ಟಲೆ ಕಾದು, ಬೇಕಾದರೆ ಡೋಸ್ ಏರಿಸುತ್ತಾರೆ. ಒಮ್ಮೆಲೇ ಸುರಿದರೆ ಜಿವಿಎಚ್‌ಡಿ ಕೆರಳುತ್ತದೆ.

ಕಷಾಯ ಬೇಡ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ. ಆಮೇಲೆ ಕಣ್ಣು ಹಳದಿಯಾದರೆ ಅದು ಜಿವಿಎಚ್‌ಡಿಯೋ ಕಷಾಯವೋ ಅಂತ ನಾವು ತಲೆ ಕೆರೆದುಕೊಳ್ಳಬೇಕು. ನೆಂಟರು ಪ್ರೀತಿಯಿಂದ ತರುವ ಚಕ್ಕೋತ ಹಣ್ಣನ್ನೂ ಸದ್ಯ ದೂರ ಇಡಿ. ಅದು ರಕ್ತದಲ್ಲಿ ಸೈಕ್ಲೋಸ್ಪೋರಿನ್ ಮಟ್ಟವನ್ನು ಏರಿಸಿಬಿಡುತ್ತದೆ.