ಮೊದಲ ಜಿಂಕೆ ಬೇಟೆಗೆ ಯಾವ ರೈಫಲ್? ವಿರಾಜಪೇಟೆಯ ತಮ್ಮನಿಗೆ ವಿಸ್ಕಾನ್ಸಿನ್‌ನಿಂದ ಉತ್ತರ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಬಂದು ಎಂಟು ತಿಂಗಳು, ಕೆಲಸಕ್ಕೆಂದು ಕೊಡುವ ಎಚ್-1ಬಿ ವೀಸಾ, ನವೆಂಬರ್‌ನಲ್ಲಿ ಆಫೀಸಿನವರು ಜಿಂಕೆ ಬೇಟೆಗೆ ಕರೆದಿದ್ದಾರೆ. ಊರಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಹೊಡೆದದ್ದು ಬಿಟ್ಟರೆ ಅನುಭವ ಇಲ್ಲ, ಅಷ್ಟಕ್ಕೇ ಭುಜ ನೊಂದಿತ್ತು, ಜಾಸ್ತಿ ಒದೆಯದ ರೈಫಲ್ ಯಾವುದು ಅಂತ ಕೇಳಿದ್ದೀರಿ. ಅಣ್ಣ ಅಂತ ಕರೆದಿದ್ದೀರಿ, ಅಣ್ಣನ ಹಾಗೆಯೇ ಹೇಳುತ್ತೇನೆ. ನಾನು ಸಕಲೇಶಪುರದ ಕಡೆಯವನು, ಇಲ್ಲಿಗೆ ಬಂದು 19 ವರ್ಷವಾಯಿತು.

ರೈಫಲ್ ಮಾತು ಆಮೇಲೆ. ಮೊದಲು ಕಾಗದಪತ್ರ. ಕೊಡಗಿನಲ್ಲಿ ನಿಮ್ಮ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೋವಿ ಮನೆಯ ಸದಸ್ಯನ ಹಾಗೆ ಇರುತ್ತದೆ. ಇಲ್ಲಿ ನಿಮ್ಮ ಪರಿಸ್ಥಿತಿ ತಲೆಕೆಳಗು. ಗ್ರೀನ್ ಕಾರ್ಡ್ ಇಲ್ಲದೆ ಎಚ್-1ಬಿಯಂತಹ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸಿದೆ. ಕೊಳ್ಳುವುದಷ್ಟೇ ಅಲ್ಲ, ಗೆಳೆಯನ ರೈಫಲನ್ನು ಕೈಗೆ ತೆಗೆದುಕೊಂಡು ಶೂಟಿಂಗ್ ರೇಂಜ್‌ನಲ್ಲಿ ಹೊಡೆದರೂ ಅದೇ ಲೆಕ್ಕ. ಇದಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಕೆಲಸಕ್ಕೆ ಬರುವುದು ಒಂದೇ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್.

ಹಾಗಾಗಿ ಮೊದಲು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿ. 1973ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರಿಗೆ ವಿಸ್ಕಾನ್ಸಿನ್‌ನಲ್ಲಿ ಅದರ ಸರ್ಟಿಫಿಕೇಟ್ ಬೇಕು. ಅದು ಬಂದ ಮೇಲೆ ಲೈಸೆನ್ಸ್, ಲೈಸೆನ್ಸ್ ಬಂದ ಮೇಲೆ ಅಂಗಡಿ. ಅಂಗಡಿಯಲ್ಲಿ 4473 ಅನ್ನುವ ಫಾರಂ ಕೊಡುತ್ತಾರೆ, ನಿಮ್ಮ ಹಿನ್ನೆಲೆ ಪರಿಶೀಲಿಸುತ್ತಾರೆ. ವೀಸಾ ಬಗ್ಗೆ ಅದರಲ್ಲಿ ನೇರವಾಗಿ ಕೇಳಿದ್ದಾರೆ, ಇದ್ದದ್ದನ್ನು ಇದ್ದಂತೆ ಬರೆಯಿರಿ. ಸುಳ್ಳು ಬರೆದರೆ ಜೈಲೂ ಆಗಬಹುದು, ವೀಸಾವೂ ಹೋಗಬಹುದು. ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಇಲ್ಲಿನ ಲೈಸೆನ್ಸ್ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಲೈಸೆನ್ಸ್ ಇಲ್ಲದೆ ರೈಫಲ್ ಮನೆಯಲ್ಲಿದ್ದರೆ ನಿಮ್ಮ ವಿನಾಯಿತಿಯೂ ಇಲ್ಲ. ನನ್ನ ಮಾತು ಕೇಳುವುದಾದರೆ, ಕೊಳ್ಳುವ ಮೊದಲು ಒಬ್ಬ ಇಮಿಗ್ರೇಷನ್ ವಕೀಲರಿಗೆ ದುಡ್ಡು ಕೊಟ್ಟು ಒಂದು ಸಲ ಕೇಳಿಬಿಡಿ. ನಾನಂತೂ ಗ್ರೀನ್ ಕಾರ್ಡ್ ಬರುವವರೆಗೆ ಕೋವಿ ಮುಟ್ಟಲಿಲ್ಲ.

ಈಗ ರೈಫಲ್. ಒಂದೇ ಹೆಸರು ಹೇಳಿ ಅಂದರೆ .243 ವಿಂಚೆಸ್ಟರ್ ಅನ್ನುವ ತೋಟಾ ಹೊಡೆಯುವ ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವ ರೈಫಲ್ ಅನ್ನುತ್ತೇನೆ. 1955ರಿಂದ ಇರುವ ತೋಟಾ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದರ 100 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು ಇಲ್ಲಿನ ಬಿಳಿಬಾಲದ ಜಿಂಕೆಗೆ ಧಾರಾಳ ಸಾಕು. ಏಳೂವರೆ ಪೌಂಡ್ ತೂಕದ ರೈಫಲ್‌ನಲ್ಲಿ ಇದರ ಒದೆತದ ಶಕ್ತಿ ಸುಮಾರು 9 ಅಡಿ-ಪೌಂಡ್, ಅಂಕಿ ಹೆಚ್ಚಿದಷ್ಟೂ ಒದೆತ ಜೋರು. ಅದೇ ತೂಕದಲ್ಲಿ .308 ಅನ್ನುವ ತೋಟಾ ಆದರೆ 16ರ ಆಸುಪಾಸು, .30-06 ಆದರೆ 20. ನಡುವೆ 12ರ ಹತ್ತಿರ 6.5 ಕ್ರೀಡ್‌ಮೋರ್ ಮತ್ತು 7 ಎಂಎಂ-08 ಅನ್ನುವ ತೋಟಾಗಳು ಬರುತ್ತವೆ. ಇವೆರಡೂ ಒಳ್ಳೆಯವೇ, ಸ್ವಲ್ಪ ಭಾರದ ಗುಂಡು ಬೇಕು ಅನ್ನಿಸಿದರೆ ತೆಗೆದುಕೊಳ್ಳಿ. .223 ಇನ್ನೂ ಮೆತ್ತಗೆ, ಇಲ್ಲಿ ಕಾನೂನೂ ಒಪ್ಪುತ್ತದೆ. ಆದರೆ ಅದರ ಗುಂಡು ಸಣ್ಣದು, ಗುರಿ ನಾಲ್ಕು ಬೆರಳು ತಪ್ಪಿದರೂ ಜಿಂಕೆ ನರಳುತ್ತದೆ. ಹೊಸಬರಿಗೆ ಬೇಡ.

ಕೆಲಸ ಬದಲಾಗಿ ಓಹಾಯೋ ರಾಜ್ಯಕ್ಕೆ ಹೋದರೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಜಿಂಕೆ ಬೇಟೆಯ ರೈಫಲ್‌ಗೆ ತುದಿಯ ಕಡೆ ಸಪೂರವಾಗದ, ನೇರ ಕೊಳವೆಯಂಥ ತೋಟಾ ಮಾತ್ರ. ಅಲ್ಲಿ .350 ಲೆಜೆಂಡ್ ಅನ್ನುವ ತೋಟಾ ನೋಡಿ, ಅದೂ .243ರಷ್ಟೇ ಮೆತ್ತಗೆ.

ಒದೆತದ ಬಗ್ಗೆ ಇಷ್ಟು ಹೇಳಲು ಕಾರಣ ಭುಜದ ನೋವು ಅಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಬೇಟೆಗೆ ಹೋದ ಮೊದಲ ವರ್ಷ ನಾನು ಪರಿಚಯದವರೊಬ್ಬರ .30-06 ಎರವಲು ತಂದಿದ್ದೆ. ಬೇಟೆಯ ಹಿಂದಿನ ವಾರ ಬೆಂಚಿನ ಮೇಲೆ ಕೂತು ಇಪ್ಪತ್ತು ಈಡು ಹೊಡೆದೆ. ಭುಜ ನೀಲಿಗಟ್ಟಿತು. ಅದಕ್ಕಿಂತ ಕೆಟ್ಟದ್ದು, ಮೈಗೆ ಹೆದರಿಕೆ ಹತ್ತಿತು. ಬೇಟೆಯ ದಿನ ಹೆಣ್ಣು ಜಿಂಕೆಯೊಂದು 60 ಗಜದಲ್ಲಿ ಅಡ್ಡಲಾಗಿ ನಿಂತಿತ್ತು. ಟ್ರಿಗರ್ ಎಳೆಯುವ ಹೊತ್ತಿಗೆ ಕಣ್ಣು ಮುಚ್ಚಿಬಿಟ್ಟೆ, ಭುಜ ಮುಂದೆ ಹೋಯಿತು. ಗುಂಡು ಹೊಟ್ಟೆಗೆ ಬಿತ್ತು. ಹಿಮದ ಮೇಲಿನ ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೆ ನಡೆದೆವು. ಮಾರನೆಯ ದಿನವೂ ಹುಡುಕಿದೆವು. ಸಿಗಲಿಲ್ಲ. ಆ ಜಿಂಕೆ ಎಷ್ಟು ಹೊತ್ತು ಒದ್ದಾಡಿತೋ ಅನ್ನುವುದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ .243ಕ್ಕೆ ಬಂದೆ. ಸ್ಯಾವೇಜ್ ಆ್ಯಕ್ಸಿಸ್, ರೂಗರ್ ಅಮೆರಿಕನ್ ಎರಡೂ ಮೊದಲ ರೈಫಲ್‌ಗೆ ಒಳ್ಳೆಯವು, ಬೆಲೆಯೂ ಮಿತ. ಹಗುರ ಇದ್ದರೆ ಹೊರಲು ಸುಲಭ ಅಂತ ತೀರಾ ಹಗುರದ್ದು ತರಬೇಡಿ, ರೈಫಲ್ ಹಗುರವಾದಷ್ಟೂ ಜೋರಾಗಿ ಒದೆಯುತ್ತದೆ. ಹಿಂಬದಿಗೆ ಮೆತ್ತನೆಯ ರಬ್ಬರ್ ಪ್ಯಾಡ್ ಇರಲಿ. ಭುಜಕ್ಕಿಡುವ ಹಿಂಬದಿಯ ಹಿಡಿಯ ಉದ್ದ ನಿಮ್ಮ ತೋಳಿಗೆ ಹೊಂದಬೇಕು. ಎತ್ತರ ಕಡಿಮೆ ಇದ್ದರೆ ಹಿಡಿ ಗಿಡ್ಡವಿರುವ ಕಾಂಪ್ಯಾಕ್ಟ್ ಮಾದರಿ ಕೇಳಿ. ನವೆಂಬರ್‌ನ ದಪ್ಪ ಕೋಟು ಹಾಕಿಕೊಂಡೇ ಭುಜಕ್ಕಿಟ್ಟು ನೋಡಿ. ಟೀ ಶರ್ಟ್‌ನಲ್ಲಿ ಸರಿಹೋದದ್ದು ಕೋಟಿನ ಮೇಲೆ ಉದ್ದವಾಗುತ್ತದೆ. ಸ್ಕೋಪ್‌ಗೆ, ಅಂದರೆ ಗುರಿ ನೋಡುವ ದುರ್ಬೀನಿಗೆ, ಕಣ್ಣು ತೀರಾ ಹತ್ತಿರ ತಂದರೆ ಒದೆತಕ್ಕೆ ಅದು ಬಡಿದು ಹುಬ್ಬು ಸೀಳುತ್ತದೆ, ಮೂರೂವರೆ ಇಂಚಿನಷ್ಟು ಜಾಗ ಬಿಡಿ.

ಅಭ್ಯಾಸಕ್ಕೆ .22 ರಿಮ್‌ಫೈರ್ ಅನ್ನುವ ಪುಟ್ಟ ತೋಟಾದ ರೈಫಲ್‌ನಂತಹ ಗುರು ಇಲ್ಲ. ಅದರಲ್ಲಿ ಜಿಂಕೆ ಹೊಡೆಯುವಂತಿಲ್ಲ, ಆದರೆ ಒದೆತವೇ ಇಲ್ಲದ್ದರಿಂದ ಕೈ ಪಳಗುತ್ತದೆ. ಕಿವಿಗೆ ಪ್ಲಗ್ ಹಾಕಿ, ಅದರ ಮೇಲೆ ಕಿವಿ ಮುಚ್ಚುವ ಮಫ್ ಕೂಡ ಹಾಕಿ. ನಮ್ಮನ್ನು ಬೆಚ್ಚಿಬೀಳಿಸುವುದು ಅರ್ಧ ಸದ್ದೇ, ಅಲ್ವಾ? .243ರಲ್ಲಿ ದಿನಕ್ಕೆ ಹತ್ತು ಹದಿನೈದು ಈಡು ಸಾಕು. ಜೊತೆಯವರು ನಿಮಗೆ ಕಾಣದಂತೆ ಸಿಡಿಯದ ಡಮ್ಮಿ ತೋಟಾ ನಡುನಡುವೆ ಸೇರಿಸಿ ಕೊಡಲಿ. ಡಮ್ಮಿ ಬಂದಾಗ ನಳಿಗೆ ಅಲುಗಿದರೆ ಹೆದರಿಕೆ ಇನ್ನೂ ಇದೆ ಅಂತ ಗೊತ್ತಾಗುತ್ತದೆ.

ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ಶನಿವಾರ ಇಲ್ಲಿ ಒಂಬತ್ತು ದಿನದ ರೈಫಲ್ ಬೇಟೆ ಶುರುವಾಗುತ್ತದೆ. ನಮ್ಮ ಕಡೆ ಮರಸು ಕೂರುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರಲ್ಲ, ಹಾಗೆಯೇ ಮರದ ಮೇಲೆ ಕೂರುವುದು. ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಮೇಲುಡುಪು ಕಡ್ಡಾಯ. ಮೊದಲ ಸಲ 100 ಗಜದ ಆಚೆ ಹೊಡೆಯಲೇಬೇಡಿ. ಮುಂಗಾಲಿನ ಸ್ವಲ್ಪ ಹಿಂದೆ, ಶ್ವಾಸಕೋಶಕ್ಕೆ ಗುರಿ ಇಡಿ. ಜಿಂಕೆ ಅಡ್ಡ ನಿಲ್ಲದಿದ್ದರೆ ಬಿಟ್ಟುಬಿಡಿ.

ತರಬೇತಿಗೆ ಈ ತಿಂಗಳೇ ಹೆಸರು ಕೊಡಿ, ಬೇಸಿಗೆ ಕಳೆದರೆ ಜಾಗ ಬೇಗ ತುಂಬುತ್ತದೆ. ಲೈಸೆನ್ಸ್ ಕೈಗೆ ಬಂದ ದಿನ ನನಗೆ ತಿಳಿಸಿ. ನನ್ನ .243 ತರುತ್ತೇನೆ, ರೇಂಜ್‌ನಲ್ಲಿ ಹೊಡೆದು ನೋಡಿ, ಆಮೇಲೆ ಕೊಳ್ಳುವಿರಂತೆ.