ಹಳೆಯ ಇಜ್-46ಎಂ ಏರ್ ಪಿಸ್ತೂಲು ಕೊಳ್ಳುವಾಗ ಏನೇನು ನೋಡಬೇಕು?

10 ಮೀಟರ್ ಅಭ್ಯಾಸಕ್ಕೆ ಸೆಕೆಂಡ್‌ಹ್ಯಾಂಡ್ ಇಜ್-46ಎಂ ತಗೊಳ್ಳಲಾ, ಸೋವಿಯತ್ ಸೇನೆಯ ಮಕಾರೋವ್ ಪಿಸ್ತೂಲಿನಂತೆ ಕಾಣುವ ಎಂಪಿ-654ಕೆ ಸಾಕಾ ಎಂದು ಕೇಳಿದ್ದೀರಿ. ಎರಡೂ ರಷ್ಯಾದ ಇಜೆವ್‌ಸ್ಕ್ ಊರಿನವೇ. ಗುರಿ ಕಲಿಯುವುದಿದ್ದರೆ ನಾನು ಹೇಳುವುದು 46ಎಂ. 654ಕೆ ಓಡುವುದು 12 ಗ್ರಾಂ ಸಿಒ2 ಕ್ಯಾಪ್ಸೂಲಿನ ಮೇಲೆ. ಬಿಡುವಿಲ್ಲದೆ ಹೊಡೆದರೆ ಅನಿಲ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಏಟು ಕೆಳಕ್ಕೆ ಬೀಳತೊಡಗುತ್ತದೆ. ಜೊತೆಗೆ ಅದರ ಉಕ್ಕಿನ ಬಿಬಿ (ಸಣ್ಣ ದುಂಡು ಗುಂಡು) ಗಟ್ಟಿ ಜಾಗಕ್ಕೆ ಬಡಿದರೆ ವಾಪಸ್ ಚಿಮ್ಮುತ್ತದೆ, ಕನ್ನಡಕ ಹಾಕಲೇಬೇಕು. ಸಂಗ್ರಹಕ್ಕಾದರೆ 654ಕೆ ಒಳ್ಳೆಯದೇ. ನಿಜವಾದ ಮಕಾರೋವ್ ಭಾಗಗಳಿರುವ ಮೊದಮೊದಲ ಪಿಸ್ತೂಲುಗಳನ್ನೇ ಸಂಗ್ರಾಹಕರು ಹುಡುಕುತ್ತಾರೆ.

46ಎಂನಲ್ಲಿ ಸ್ಪ್ರಿಂಗ್ ಪಿಸ್ಟನ್ ಇಲ್ಲ. ಕೆಳಗಿನ ಲಿವರನ್ನು ಮುಂದಕ್ಕೆ ತೆಗೆದು ಮತ್ತೆ ಮುಚ್ಚಿದರೆ, ಆ ಒಂದೇ ಸಲಕ್ಕೆ ಗಾಳಿ ತುಂಬುತ್ತದೆ. ಹಾಗಾಗಿ ಕೈಗೆ ಒದೆತ ಬರುವುದಿಲ್ಲ. ಆದರೆ ವೇಗವೆಲ್ಲ ಸೀಲುಗಳ ಮೇಲೆ ನಿಂತಿದೆ. ಮರದ ಹಿಡಿಯ ಪಾಲಿಶ್ ಆಮೇಲೆ ನೋಡಿ, ಮೊದಲು ಲಿವರ್ ಮುಚ್ಚಿ ನೋಡಿ. ಮುಚ್ಚುವ ಕೊನೆಯ ಭಾಗದಲ್ಲಿ ಬಲವಾಗಿ ಬಿಗಿಯಬೇಕು. ಸಲೀಸಾಗಿ ಮುಚ್ಚಿಕೊಂಡರೆ ಪಿಸ್ಟನ್ ಸೀಲ್ ಒಣಗಿದೆ ಅಥವಾ ಸವೆದಿದೆ.

ಗಾಳಿ ತುಂಬಿ ಐದು ನಿಮಿಷ ಬಿಟ್ಟು, ಪಿಸ್ತೂಲನ್ನು ಗುರಿಹಲಗೆಯ ಕಡೆಗೇ ಹಿಡಿದು ಹೊಡೆಯಿರಿ. ತಕ್ಷಣ ಹೊಡೆದ ಏಟಿಗಿಂತ ಇದು ಮೆತ್ತಗಿದ್ದರೆ ವಾಲ್ವ್ ಸೋರುತ್ತಿದೆ. ಬ್ರೀಚ್ (ಗುಂಡು ಇಡುವ, ಬ್ಯಾರೆಲಿನ ಹಿಂಬದಿ) ಸೀಲ್ ಪರೀಕ್ಷೆಗೆ ಅದರ ಮೇಲೆ ಟಿಶ್ಯೂ ಪೇಪರಿನ ತುಣುಕು ಇಟ್ಟು ಹೊಡೆಯಿರಿ. ಪೇಪರ್ ಹಾರಿದರೆ ಅಲ್ಲಿಂದ ಗಾಳಿ ಹೋಗುತ್ತಿದೆ. ರಬ್ಬರ್ ಸೀಲುಗಳನ್ನು ಬದಲಿಸಬಹುದು, ಅದಕ್ಕೆ ಹೆದರಬೇಡಿ. ಬೆಲೆ ಇಳಿಸಲು ಕೇಳಿ. ಬ್ಯಾರೆಲ್ ಒಳಗೆ ತುಕ್ಕು ಕಂಡರೆ ಮಾತ್ರ ಬಿಟ್ಟುಬಿಡಿ.

ತುಂಬಾ ದಿನ ಸುಮ್ಮನಿದ್ದ ಪಿಸ್ತೂಲಾದರೆ ಪಿಸ್ಟನ್‌ಗೆ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಲಿವರನ್ನು ಅರ್ಧದಷ್ಟು ಮುಚ್ಚಿ ತೆರೆಯುವುದನ್ನು ನಾಲ್ಕೈದು ಸಲ ಮಾಡಿ, ಸೀಲ್ ಮೆದುವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್ ಒಳಗೆ ಹಾಕಬೇಡಿ, ರಬ್ಬರ್ ಕೆಡಬಹುದು. ಮುಚ್ಚುವಾಗ ಲಿವರನ್ನು ನಡುವೆ ಕೈಬಿಟ್ಟರೆ ಅದು ವಾಪಸ್ ಎಗರಿ ಬೆರಳಿಗೆ ಬಡಿಯುತ್ತದೆ.

ಹೊಸಬರ ಏಟು ಮೇಲೆ-ಕೆಳಗೆ ಹರಡಲು ಒಂದು ಕಾರಣ ಅವಸರ. ಲಿವರ್ ಪೂರ್ತಿ ತೆರೆದ ಜಾಗದಲ್ಲಿ ಒಂದೆರಡು ಸೆಕೆಂಡ್ ನಿಲ್ಲಿಸಿ, ಸಿಲಿಂಡರಿಗೆ ಗಾಳಿ ತುಂಬಿಕೊಳ್ಳಲಿ, ಆಮೇಲೆ ಒಂದೇ ಬಿರುಸಿನಲ್ಲಿ ಮುಚ್ಚಿ. ಪ್ರತಿ ಸಲವೂ ಹೀಗೇ ಮಾಡಿದರೆ ವೇಗ ಒಂದೇ ಸಮ ಬರುತ್ತದೆ. ನಂತರ 4.5 ಮಿ.ಮೀ. ಚಪ್ಪಟೆ ತಲೆಯ, 7ರಿಂದ 8 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಪೆಲೆಟ್ ಇಟ್ಟು ಬ್ರೀಚ್ ಮುಚ್ಚಿ. ಗಾಳಿ ತುಂಬಿಟ್ಟು ಎತ್ತಿಡಬೇಡಿ.

ಟ್ರಿಗರ್ ಅಭ್ಯಾಸಕ್ಕೆ ಪ್ರತಿ ಸಲ ಪಂಪ್ ಮಾಡಬೇಕಿಲ್ಲ: ಬ್ರೀಚ್ ಮಾತ್ರ ತೆರೆದು ಮುಚ್ಚಿದರೆ ಟ್ರಿಗರ್ ಸಿದ್ಧವಾಗುತ್ತದೆ. ಟ್ರಿಗರ್ ಹಗುರ ಮಾಡುವ ಆಸೆಯಿದ್ದರೂ ಸ್ಪರ್ಧೆಯಲ್ಲಿ ಅದನ್ನು ಎಳೆಯಲು ಬೇಕಾದ ತೂಕ 500 ಗ್ರಾಂಗಿಂತ ಕಡಿಮೆ ಇರಬಾರದು. ಹಾಗಾಗಿ ಮೊದಲ ದಿನದಿಂದಲೇ ತೂಕ ತೂಗಿಸಿ ಅಷ್ಟಕ್ಕೇ ಹೊಂದಿಸಿಕೊಳ್ಳಿ.