ಮರ್ಸ್ ಇಷ್ಟು ಮಾರಕವಾಗಿದ್ದರೂ ಕೋವಿಡ್‌ನಂತೆ ಏಕೆ ಹಬ್ಬಲಿಲ್ಲ?

ನೀವು ಮೂರು ವಿಷಯ ಕೇಳಿದ್ದೀರಿ. ಮರ್ಸ್ (ಮಧ್ಯಪ್ರಾಚ್ಯ ಉಸಿರಾಟದ ರೋಗ) ತಗುಲಿದ ಮೂವರಲ್ಲಿ ಒಬ್ಬರು ಸಾಯುತ್ತಾರೆ ಎನ್ನುವುದು ನಿಜವೇ? ನಿಜವಾದರೆ 2012ರಿಂದ ಇರುವ ಈ ಕೊರೊನಾ ವೈರಸ್ ಕೋವಿಡ್‌ನಂತೆ ಏಕೆ ಹಬ್ಬಲಿಲ್ಲ? ರಿಯಾದ್‌ನಲ್ಲಿ ಕೆಲಸದಲ್ಲಿರುವ ನಿಮ್ಮ ಅಣ್ಣ ಎಷ್ಟರ ಮಟ್ಟಿಗೆ ಹೆದರಬೇಕು? ಎರಡನೆಯದರಿಂದ ಶುರು ಮಾಡುತ್ತೇನೆ. ಅದು ಅರ್ಥವಾದರೆ ಉಳಿದೆರಡು ಸುಲಭ.

ಮರ್ಸ್ ಒಂಟೆಗಳ ವೈರಸ್. ಮನುಷ್ಯನಿಗೆ ಅದು ಆಗಾಗ ದಾಟಿ ಬರುತ್ತದೆ, ಅಷ್ಟೇ. ಅರೇಬಿಯಾ ಮತ್ತು ಪೂರ್ವ ಆಫ್ರಿಕಾದ ಹಲವು ಕಡೆ ಒಂದು ಡುಬ್ಬದ ವಯಸ್ಕ ಒಂಟೆಗಳ ರಕ್ತ ಪರೀಕ್ಷಿಸಿದರೆ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಪ್ರತಿಕಾಯ, ಅಂದರೆ ಹಿಂದೆ ಸೋಂಕು ತಗುಲಿತ್ತು ಎಂಬುದರ ಗುರುತು, ಸಿಗುತ್ತದೆ. 1983ರಲ್ಲಿ ಸೊಮಾಲಿಯಾ, ಸುಡಾನ್‌ಗಳಲ್ಲಿ ತೆಗೆದಿಟ್ಟಿದ್ದ ಒಂಟೆ ಸೀರಂನಲ್ಲೂ ಸಿಕ್ಕಿದೆ. ಜೆದ್ದಾದ ಆಸ್ಪತ್ರೆಯೊಂದರಲ್ಲಿ 2012ರ ಜೂನ್‌ನಲ್ಲಿ ತೀರಿಕೊಂಡ 60 ವರ್ಷದ ರೋಗಿಯ ಕಫದಲ್ಲಿ ವೈರಾಣುತಜ್ಞ ಅಲಿ ಮೊಹಮ್ಮದ್ ಝಾಕಿ ಇದನ್ನು ಪತ್ತೆ ಹಚ್ಚುವ ಹೊತ್ತಿಗೆ, ಅದು ಸುಮಾರು ಮೂರು ದಶಕಗಳಿಂದಲಾದರೂ ಒಂಟೆಗಳಲ್ಲಿ ಓಡಾಡುತ್ತಿತ್ತು. ಹೆಚ್ಚಾಗಿ ವೈರಸ್ ಉಗುಳುವುದು ಎರಡು ವರ್ಷದೊಳಗಿನ ಮರಿಗಳು. ಅವುಗಳಿಗೆ ಮೂಗು ಸೋರುತ್ತದೆ, ಕೆಲವಕ್ಕೆ ಅದೂ ಇಲ್ಲ.

ಇನ್ನು ದೇಹದೊಳಗೆ ಏನಾಗುತ್ತದೆ ನೋಡಿ. ಜೀವಕೋಶಕ್ಕೆ ನುಗ್ಗಲು ಈ ವೈರಸ್ ಡಿಪಿಪಿ4 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಒಂಟೆಯ ಮೂಗಿನ ಒಳಪದರದಲ್ಲಿ ಅದು ಧಾರಾಳವಾಗಿದೆ. ನಮ್ಮಲ್ಲಿ ಇರುವುದು ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿ. ಕೋವಿಡ್ ವೈರಸ್ ಮೂಗು-ಗಂಟಲಿನಲ್ಲೇ ಬೆಳೆದು, ಲಕ್ಷಣ ಕಾಣುವ ಮೊದಲೇ ಮಾತಿನ ಜೊತೆ ಹೊರಬೀಳುತ್ತಿತ್ತು. ಮರ್ಸ್ ಹಾಗಲ್ಲ: ಕೆಳಗೆ ಬೆಳೆಯುವುದರಿಂದ ನ್ಯುಮೋನಿಯಾ ತೀವ್ರ, ಹೊರಬೀಳುವುದು ಕಡಿಮೆ. ಹೆಚ್ಚು ಹರಡುವುದು ರೋಗಿ ಚೆನ್ನಾಗಿ ಹಾಸಿಗೆ ಹಿಡಿದ ಮೇಲೆ. ಮಾರಕತೆ ಮತ್ತು ಹರಡದಿರುವಿಕೆ, ಎರಡಕ್ಕೂ ಒಂದೇ ಕಾರಣ ಎಂದು ನಾನು ಹೇಳುವುದು ಇದಕ್ಕೇ.

ಸೌದಿಯಲ್ಲಿ 26 ರೋಗಿಗಳ ಮನೆಮಂದಿ 280 ಜನರನ್ನು ಪರೀಕ್ಷಿಸಿದಾಗ ಸೋಂಕು ದಾಟಿದ್ದು ಸುಮಾರು 12 ಜನರಿಗೆ, ಅಂದರೆ ಶೇ 4ರ ಆಸುಪಾಸು. ಒಬ್ಬನಿಂದ ಸರಾಸರಿ ಒಬ್ಬನಿಗೂ ದಾಟದಿದ್ದರೆ ಸರಪಳಿ ತಾನೇ ಕಡಿದುಹೋಗುತ್ತದೆ. ಸಮುದಾಯದಲ್ಲಿ ಮರ್ಸ್‌ನ ಕಥೆ ಇಷ್ಟೇ.

ಆದರೆ ಆಸ್ಪತ್ರೆಯ ಬಾಗಿಲು ದಾಟಿದರೆ ಲೆಕ್ಕ ಬೇರೆ. 2015ರ ದಕ್ಷಿಣ ಕೊರಿಯಾ ನೋಡಿ. ಮಧ್ಯಪ್ರಾಚ್ಯದಿಂದ ಮೇ 4ರಂದು ಮರಳಿದ 68 ವರ್ಷದ ವ್ಯಕ್ತಿ ಜ್ವರ ಬಂದು ಹಲವು ಆಸ್ಪತ್ರೆ ಸುತ್ತಿದರು. ಮರ್ಸ್ ಎಂದು ಖಚಿತವಾಗಿದ್ದು ಮೇ 20ಕ್ಕೆ. ಅಷ್ಟರಲ್ಲಿ ಪ್ಯೊಂಗ್‌ಟೇಕ್‌ನ ಆಸ್ಪತ್ರೆಯಲ್ಲಿ ಅದೇ ಮಹಡಿಯ ಬೇರೆ ಕೋಣೆಯಲ್ಲಿದ್ದ 35 ವರ್ಷದ ಇನ್ನೊಬ್ಬರಿಗೆ ದಾಟಿತ್ತು. ಸಂಪರ್ಕ ಪಟ್ಟಿಗೆ ಅಧಿಕಾರಿಗಳು ಇಟ್ಟುಕೊಂಡಿದ್ದ ಅಳತೆ, 2 ಮೀಟರ್ ಒಳಗೆ 1 ಗಂಟೆ ಇದ್ದವರು ಎಂಬುದು. ಕೋಣೆ ಬೇರೆಯಾದ್ದರಿಂದ ಇವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ದಾಖಲೆಗಳಲ್ಲಿ ‘14ನೇ ರೋಗಿ’ ಎಂದೇ ಕರೆಯುವ ಇವರು ಬಸ್ಸು ಹತ್ತಿ ರಾಜಧಾನಿ ಸೋಲ್‌ಗೆ ಹೋದರು. ಮೇ 27ರಿಂದ 29ರವರೆಗೆ ಸ್ಯಾಮ್‌ಸಂಗ್ ಮೆಡಿಕಲ್ ಸೆಂಟರ್‌ನ ತುರ್ತು ವಿಭಾಗದಲ್ಲಿ ಸಾಮಾನ್ಯ ನ್ಯುಮೋನಿಯಾ ರೋಗಿಯಂತೆ ಇದ್ದರು. ವಿದೇಶ ಪ್ರಯಾಣ ಮಾಡಿರಲಿಲ್ಲವಾದ್ದರಿಂದ ವೈದ್ಯರಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಆ ಮೂರು ದಿನಗಳಲ್ಲಿ 82 ಜನರಿಗೆ ಸೋಂಕು ತಗುಲಿತು: 33 ರೋಗಿಗಳು, 8 ಆರೋಗ್ಯ ಸಿಬ್ಬಂದಿ, 41 ಮಂದಿ ರೋಗಿಗಳನ್ನು ನೋಡಿಕೊಳ್ಳಲು, ನೋಡಲು ಬಂದವರು.

ಆ 41 ಎಂಬ ಸಂಖ್ಯೆಯನ್ನು ದಯವಿಟ್ಟು ಗಮನಿಸಿ. ಕೊರಿಯಾದಲ್ಲೂ ನಮ್ಮಲ್ಲಿಯಂತೆ ರೋಗಿಯ ಪಕ್ಕ ಮನೆಯವರು ಕೂರುತ್ತಾರೆ. ಹಾಸಿಗೆ ಸಿಗದೆ ತುರ್ತು ವಿಭಾಗದಲ್ಲೇ ದಿನಗಟ್ಟಲೆ ಕಾಯುವುದೂ ಇದೆ. ಒಟ್ಟು 186 ಪ್ರಕರಣಗಳಲ್ಲಿ ಶೇ 80ಕ್ಕೂ ಹೆಚ್ಚು ಹರಡಿದ್ದು ಕೇವಲ ಐದು ಜನರಿಂದ. ಹೆಚ್ಚಿನವರು ಯಾರಿಗೂ ಹರಡಲಿಲ್ಲ. ಹಾಗಾಗಿ ಮರ್ಸ್ ವಿಷಯದಲ್ಲಿ ಸರಾಸರಿ ನಂಬಿ ಕೂರುವಂತಿಲ್ಲ. ತಡವಾಗಿ ಗುರುತಿಸಿದ ಒಬ್ಬ ರೋಗಿ, ಗಾಳಿಯಾಡದ ಕಿಕ್ಕಿರಿದ ವಾರ್ಡ್, ಜೊತೆಗೆ ನೆಬ್ಯುಲೈಸರ್ ಅಥವಾ ಗಂಟಲಿಗೆ ಕೊಳವೆ ಹಾಕುವಂತಹ ಕಫ ಸಿಡಿಯುವ ಚಿಕಿತ್ಸೆ, ಇಷ್ಟು ಒಟ್ಟಿಗೆ ಸೇರಿದರೆ ಸಾಕು. 2013ರಲ್ಲಿ ಸೌದಿಯ ಅಲ್ ಅಹ್ಸಾದಲ್ಲಿ ಡಯಾಲಿಸಿಸ್ ಘಟಕಗಳ ಮೂಲಕ ಹಬ್ಬಿದ್ದೂ, 2014ರಲ್ಲಿ ಜೆದ್ದಾ ಆಸ್ಪತ್ರೆಗಳಲ್ಲಿ ನಡೆದದ್ದೂ ಇದೇ ದಾರಿಯಲ್ಲಿ.

ಈಗ ಸಾವಿನ ಪ್ರಮಾಣ. ಖಚಿತಗೊಂಡ ಸುಮಾರು 2,600 ಪ್ರಕರಣಗಳಲ್ಲಿ ಸತ್ತವರು ಶೇ 35ರ ಆಸುಪಾಸು, ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ 2,600 ಜನ ಯಾರು? ಬಹುಪಾಲು ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರು. 2012-13ರಲ್ಲಿ ಸೌದಿಯಲ್ಲಿ 10,009 ಸಾಮಾನ್ಯ ಜನರ ರಕ್ತ ಪರೀಕ್ಷಿಸಿದಾಗ 15 ಮಂದಿಯಲ್ಲಿ ಪ್ರತಿಕಾಯ ಸಿಕ್ಕಿತು, ಶೇ 0.15. ದೇಶದ ಜನಸಂಖ್ಯೆಗೆ ಅನ್ವಯಿಸಿದರೆ ಸೋಂಕು ತಗುಲಿದ್ದವರ ಸಂಖ್ಯೆ 40 ಸಾವಿರ ದಾಟುತ್ತದೆ. ಒಂಟೆ ಕಾಯುವವರಲ್ಲಿ ಶೇ 2.3, ಕಸಾಯಿಖಾನೆ ಕಾರ್ಮಿಕರಲ್ಲಿ ಶೇ 3.6. ಎಂದರೆ ಸೋಂಕು ತಗುಲಿ ಗೊತ್ತೇ ಆಗದೆ ಹೋದವರು ಬಹಳ. ಶೇ 35 ಎಂಬುದು ತೀವ್ರ ರೋಗಿಗಳ ಸಾವಿನ ಪ್ರಮಾಣವೇ ಹೊರತು, ಸೋಂಕಿತರೆಲ್ಲರದ್ದಲ್ಲ. ಕೊರಿಯಾದಲ್ಲಿ ಸಂಪರ್ಕಿತರನ್ನು ಹುಡುಕಿ ಪರೀಕ್ಷಿಸಿದ್ದರಿಂದ ಅಲ್ಲಿ ಅದು ಶೇ 20ಕ್ಕೆ ಇಳಿಯಿತು, 186ಕ್ಕೆ 38. ಅಲ್ಲೂ ಹೆಚ್ಚಾಗಿ ತೀರಿಕೊಂಡವರು ವಯಸ್ಸಾದವರು, ಮೊದಲೇ ಬೇರೆ ಕಾಯಿಲೆ ಇದ್ದವರು.

ನಿಮ್ಮ ಅಣ್ಣನ ವಿಷಯ. ಆಫೀಸು, ಕಟ್ಟಡ, ಅಂಗಡಿ ಕೆಲಸವಾದರೆ ಅಪಾಯ ತೀರಾ ಕಡಿಮೆ. ಒಂಟೆ ಫಾರ್ಮು, ಸಂತೆ, ಕಸಾಯಿಖಾನೆ ಅಥವಾ ಆಸ್ಪತ್ರೆ ಕೆಲಸವಾದರೆ ಮಾತು ಬೇರೆ. 2020ರ ಜನವರಿಯಲ್ಲಿ ಸೌದಿಯ ಆಸ್ಪತ್ರೆಯೊಂದರ ಕೇರಳದ ನರ್ಸ್‌ಗೆ ವುಹಾನ್ ವೈರಸ್ ಬಂದಿದೆ ಎಂದು ಸುದ್ದಿಯಾಗಿತ್ತು. ಆಮೇಲೆ ಅದು ಮರ್ಸ್ ಎಂದು ಸ್ಪಷ್ಟವಾಯಿತು. ಕರಾವಳಿಯಿಂದ ಗಲ್ಫ್‌ಗೆ ಹೋದ ನರ್ಸ್‌ಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಕಫ ಸಿಡಿಯುವ ಚಿಕಿತ್ಸೆಗಳಲ್ಲಿ ಮುಖಕ್ಕೆ ಸರಿಯಾಗಿ ಕೂರುವ ಎನ್95, ಕಣ್ಣಿಗೆ ರಕ್ಷಣೆ, ಗೌನು, ಗ್ಲೌಸು ಯಾವುದನ್ನೂ ಬಿಡುವಂತಿಲ್ಲ. ಉಳಿದವರು ಹಸಿ ಒಂಟೆ ಹಾಲು ಕುಡಿಯಬಾರದು, ಕಾಯಿಸಿದರೆ ತೊಂದರೆಯಿಲ್ಲ. ಒಂಟೆ ಮುಟ್ಟಿದರೆ ಸೋಪಿನಿಂದ ಕೈ ತೊಳೆಯಬೇಕು. ಸಕ್ಕರೆ ಕಾಯಿಲೆ, ಕಿಡ್ನಿ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಇದ್ದವರು ಒಂಟೆಗಳ ಹತ್ತಿರವೇ ಹೋಗಬಾರದು. ಉಮ್ರಾಕ್ಕೆ ಹೋಗುವ ನಮ್ಮ ಹಿರಿಯರಲ್ಲಿ ಇಂಥವರು ಬಹಳ ಇರುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಸೋಂಕಿನಿಂದ ಲಕ್ಷಣ ಕಾಣಲು 2ರಿಂದ 14 ದಿನ. ಊರಿಗೆ ಬಂದ 14 ದಿನಗಳಲ್ಲಿ ಜ್ವರ, ಕೆಮ್ಮು, ಉಬ್ಬಸ ಶುರುವಾದರೆ ಮಾಸ್ಕ್ ಹಾಕಿ, ಆಸ್ಪತ್ರೆಗೆ ಫೋನ್ ಮಾಡಿಯೇ ಹೋಗಲಿ. ಚೀಟಿ ಮಾಡಿಸುವ ಕೌಂಟರ್‌ನಲ್ಲೇ ಗಲ್ಫ್‌ನಿಂದ ಬಂದದ್ದನ್ನು ಹೇಳಲಿ, ಅಲ್ಲಿ ಆಸ್ಪತ್ರೆಗೆ ಹೋಗಿದ್ದರೆ ಅದನ್ನೂ ಹೇಳಲಿ. ಇನ್ನೊಂದು ಮಾತು, ಇಲ್ಲೇ ಹೆಚ್ಚು ಎಡವುವುದು: ಮೂಗು-ಗಂಟಲಿನ ಸ್ವಾಬ್ ಪಿಸಿಆರ್ ನೆಗೆಟಿವ್ ಬಂದ ಮಾತ್ರಕ್ಕೆ ಮರ್ಸ್ ಇಲ್ಲ ಎಂದು ತೀರ್ಮಾನಿಸಲಾಗದು. ವೈರಸ್ ಇರುವುದು ಕೆಳಗೆ. ಎಕ್ಸ್-ರೇಯಲ್ಲಿ ನ್ಯುಮೋನಿಯಾ ಕಂಡು, ಪ್ರಯಾಣದ ಹಿನ್ನೆಲೆಯೂ ಇದ್ದರೆ, ಆಳದಿಂದ ಕೆಮ್ಮಿ ತೆಗೆದ ಕಫವನ್ನೋ, ವೆಂಟಿಲೇಟರ್‌ನಲ್ಲಿದ್ದರೆ ಶ್ವಾಸನಾಳದ ದ್ರವವನ್ನೋ ಮತ್ತೊಮ್ಮೆ ಪರೀಕ್ಷಿಸಲು ವೈದ್ಯರನ್ನು ಕೇಳಿ. ಫಲಿತಾಂಶ ಬರುವ ತನಕ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿಡಬೇಕು, ಪಕ್ಕದಲ್ಲಿ ಸಂಬಂಧಿಕರು ಗುಂಪುಗೂಡಬಾರದು.